ಆಚೆ ರೋಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಈಚೆಗೆ ಕೊಪ್ಪಕ್ಕೆ ಹೋದಾಗ, ಈಗ ಮೊಬೈಲ್ ಅಂಗಡಿಯಾಗಿರುವ ಆ ಕಟ್ಟಡದ ಹಿಂದೆ ಹೋಗಿ ನಿಂತು ನೋಡಿದೆ. ಪೂರ್ವಕ್ಕೆ ಕಿಟಕಿ ಇರಲು ಸಾಧ್ಯವೇ ಇಲ್ಲ. ಅಲ್ಲಿ ಪಕ್ಕದ ಮನೆಯ ಗೋಡೆ ಇದೆ, ನನಗಿಂತ ಹಳೆಯ ಗೋಡೆ. ಹಾಗಾದರೆ ಅಮ್ಮ ರೊಟ್ಟಿ ತಟ್ಟುವಾಗ ಅವಳ ಕೆನ್ನೆಯ ಮೇಲೆ ಬೀಳುತ್ತಿದ್ದ ಬೆಳಗಿನ ಬಿಸಿಲು ಎಲ್ಲಿಂದ ಬರುತ್ತಿತ್ತು? ಕಾಲೇಜಿಗೆ ಸೇರಿದಂದಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡ ವರ್ಷದ ಬಗ್ಗೆ ಅದರಲ್ಲಿ ಬೇರೆ ಬೇರೆ ಕಡೆ ಬರೆದಿದ್ದೇನೆ, ಒಂದು ಕಡೆಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಇಲ್ಲಿ ನನಗೆ ಖಚಿತವಿರುವುದನ್ನು ಖಚಿತ ಎಂದೂ ಇಲ್ಲದಿರುವುದನ್ನು ಇಲ್ಲ ಎಂದೂ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಮನೆ ಎಂದರೆ ಅಪ್ಪನ ಫೋಟೋ ಸ್ಟುಡಿಯೋದ ಹಿಂಭಾಗ. ರಸ್ತೆಯ ಕಡೆ ಅಂಗಡಿ. ಅದರ ಗೋಡೆಗೆ ಹಿಮದ ಬೆಟ್ಟ, ಕೆರೆ, ಎರಡು ಹಂಸ ಬರೆದ ಪರದೆ. ಪರದೆಯ ಪಕ್ಕದ ಬಾಗಿಲು ದಾಟಿದರೆ ನಡುಮನೆ, ಅಡುಗೆಮನೆ, ಹಿತ್ತಿಲಿಗೆ ತೆರೆದ ಒಂದು ಸಣ್ಣ ಜಗಲಿ. ಒಳಗೆ ಒಗ್ಗರಣೆ ಹಾಕಿದರೆ ಹೊರಗೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರು ಸೀನುತ್ತಿದ್ದರು. ಅಪ್ಪ ಅವರ ಗಲ್ಲ ಎತ್ತಿ ಸರಿಮಾಡಿ ಕ್ಯಾಮೆರಾದ ಹಿಂದೆ ಹೋಗುವಷ್ಟರಲ್ಲಿ ಇನ್ನೊಂದು ಸೀನು.

"ಏ, ಮೆಣಸು ಒಂಚೂರು ಆಮೇಲೆ ಹಾಕೆ!" ಎಂದು ಅಪ್ಪ ಕೂಗುತ್ತಿದ್ದ.

"ನೀವೇ ಮುಖ ಬೇಗ ಹೊಡೀರಿ, ಇಲ್ಲಿ ಎಣ್ಣೆ ಸುಡ್ತಾ ಇದೆ" ಎಂದು ಅಮ್ಮ ಒಳಗಿಂದ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅಪ್ಪನ ತಂಗಿ ವಾರಿಜತ್ತೆಯ ಹೊಲಿಗೆ ಮೆಷಿನ್ ಇತ್ತು. ಅತ್ತೆ ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಫೋಟೋಕ್ಕೆ ಬಂದವರಿಗೆ ಕೋಟು, ಬಾಚಣಿಗೆ, ಪೌಡರ್ ಕೊಡುವುದು ಅವಳ ಕೆಲಸ. ಒಂದೇ ಕೋಟು, ಎಲ್ಲರಿಗೂ ಅದೇ. ತೆಳ್ಳಗಿನವರಿಗೆ ಹಿಂದಿನಿಂದ ಪಿನ್ನು ಹಾಕಿ ಬಿಗಿ ಮಾಡುತ್ತಿದ್ದಳು. ಬಾಯಿ ಜೋರು. ರವಿಕೆ ಬಿಗಿಯಾಯಿತೆಂದು ತಕರಾರು ತಂದವರಿಗೆ, "ಅಳತೆ ಕೊಟ್ಟ ಮೇಲೆ ನೀವು ದಪ್ಪ ಆದ್ರೆ ಅದಕ್ಕೆ ನಾನೆಂತ ಮಾಡ್ಲಿ ಮಾರಾಯ್ತಿ?" ಎನ್ನುವವಳು. ತಪ್ಪು ತನ್ನದು ಎಂದು ಅತ್ತೆ ಒಪ್ಪಿಕೊಂಡದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು ಒಂದೇ ಸಲ. ಅದಕ್ಕೆ ಬರುತ್ತೇನೆ.

ಅಪ್ಪನಿಗೆ ಇದ್ದದ್ದು ಒಂದೇ ಕ್ಯಾಮೆರಾ. ಪ್ರತಿ ಚಿತ್ರಕ್ಕೂ ಫಿಲ್ಮನ್ನು ಕೈಯಿಂದ ಎಳೆದು ಮುಂದೆ ತಳ್ಳುವಂಥದ್ದು. ಡಿಜಿಟಲ್ ಎಂಬ ಮಾತು ಆಗ ಕೊಪ್ಪದಲ್ಲಿ ಕೇಳಿಬರುತ್ತಿತ್ತು, ಯಾರೂ ಅದನ್ನು ನಂಬಿರಲಿಲ್ಲ. ಮದುವೆ, ಉಪನಯನಗಳಿಗೆ ಹೊಸ ರೋಲು ಹಾಕಿಕೊಂಡು ಹೋಗುವುದು, ತೊಳೆಸಿದ ಮೇಲೆ ಫೋಟೋಗಳ ಜೊತೆ ನೆಗೆಟಿವ್ ಕೂಡ ಆ ಮನೆಯವರಿಗೆ ಕೊಡುವುದು. ಅಂಗಡಿಯ ಚಿಲ್ಲರೆ ಕೆಲಸಕ್ಕೆ ಇನ್ನೊಂದು ರೋಲು. ಇವಲ್ಲದೆ ಮೂರನೆಯದೊಂದಿತ್ತು. ಯಾರಾದರೂ ತೀರಿಕೊಂಡರೆ, ಎತ್ತುವ ಮೊದಲು ಒಂದು ಫೋಟೋ ಬೇಕೆಂದು ಅಪ್ಪನನ್ನು ಕರೆಯಲು ಬರುತ್ತಿದ್ದರು. ಹೋದರೆ ಎರಡು ಚಿತ್ರ, ಅಷ್ಟೇ. ಒಂದು ಹತ್ತಿರದಿಂದ, ಒಂದು ಮನೆಯವರೆಲ್ಲ ಸುತ್ತ ನಿಂತದ್ದು. ಆ ಎರಡು ಚಿತ್ರಗಳನ್ನು ಬೇರೆಯವರ ಮದುವೆಯ ರೋಲಿನಲ್ಲಾಗಲಿ, ನೌಕರಿಗೆ ಅರ್ಜಿ ಹಾಕುವವರ ಮುಖಗಳ ಜೊತೆಗಾಗಲಿ ತೆಗೆಯಬಾರದು ಎಂಬುದು ನಮ್ಮ ಮನೆಯ ಕಟ್ಟು. ಹಾಗಾಗಿ ಸಾವಿಗೆಂದೇ ಒಂದು ರೋಲು. ಅದು ಮುಗಿಯಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನವೂ ಅದು ಕ್ಯಾಮೆರಾಕ್ಕೆ ಹೋಗುವುದು, ಎರಡು ಚಿತ್ರ ಹೊತ್ತು ಹೊರಬರುವುದು, ಮತ್ತೆ ಯಾರೋ ಹೋದರೆಂದು ಸುದ್ದಿ ಬರುವವರೆಗೆ ಕಾಯುವುದು. ಆ ಫೋಟೋಗಳಿಗೆ ಯಾರಿಗೂ ಅವಸರವಿರುತ್ತಿರಲಿಲ್ಲ. ಹಾರ ಹಾಕಲು ಹಳೆಯದೊಂದನ್ನು ದೊಡ್ಡದು ಮಾಡಿಸಿಕೊಂಡು ಹೋಗುತ್ತಿದ್ದರು. ಇವನ್ನು ಕೇಳಿಕೊಂಡು ವರ್ಷದ ಮೇಲೆ ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ. ಮನೆಯಲ್ಲಿ ಸಾವು ಎಂಬ ಮಾತು ಆಡಬಾರದೆಂದು ಅಮ್ಮ ಅದನ್ನು ಆಚೆ ರೋಲು ಎನ್ನುತ್ತಿದ್ದಳು. ಅಂಗಡಿಯದು ಈಚೆ ರೋಲು. ಈಚೆಯದು ನಡುಮನೆಯ ಗೂಡಿನಲ್ಲಿ. ಆಚೆಯದು ಒಳಗೆ ಬರುವಂತಿಲ್ಲ, ಅದರ ಡಬ್ಬಿಗೆ ಬಿಳಿ ದಾರ ಕಟ್ಟಿ ಹಿತ್ತಿಲ ಜಗಲಿಯ ಮಾಡಿನ ಸಂದಿಯಲ್ಲಿ ಇಡುತ್ತಿದ್ದರು.

ಅರ್ಧ ಆದ ರೋಲನ್ನು ತೆಗೆದು ಇನ್ನೊಂದು ಹಾಕುವ ಈ ಕೆಲಸ ಅಮ್ಮನದು. ಅಪ್ಪನಿಗೆ ಎಡಗಿವಿ ಮಂದ, ಕೈ ಆತುರದ್ದು. ರೋಲನ್ನು ಹಿಂದಕ್ಕೆ ಸುತ್ತುವಾಗ ಅದರ ನಾಲಿಗೆ, ಅಂದರೆ ಫಿಲ್ಮಿನ ಮೊದಲ ತುದಿ, ಮಾತ್ರ ಹೊರಗೆ ಉಳಿಯುವಂತೆ ನಿಲ್ಲಿಸಬೇಕು. ಒಂದು ಸುತ್ತು ಹೆಚ್ಚಾದರೆ ನಾಲಿಗೆಯೂ ಒಳಗೆ ಹೋಗುತ್ತದೆ. ಆಮೇಲೆ ಬೇರೆ ಫಿಲ್ಮಿನ ಚೂರಿಗೆ ಎಂಜಲು ಹಚ್ಚಿ ಒಳಗೆ ತೂರಿಸಿ ಅಂಟಿಸಿ ಎಳೆಯುವ ಪಾಡು. ಅಮ್ಮ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು ಕ್ಯಾಮೆರಾವನ್ನು ಕಿವಿಗೆ ಒತ್ತಿ ಹಿಡಿದು ಸುತ್ತುತ್ತಿದ್ದಳು. ಒಳಗೆ ಎಲ್ಲೋ ಹಿಡಿತ ಬಿಟ್ಟ ಸಣ್ಣ ಸದ್ದಾದ ಕೂಡಲೆ ನಿಲ್ಲಿಸುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಬಿಂದಿಗೆ ನೀರು ಮುಟ್ಟಿದ ಕೂಡ್ಲೆ ಹಗ್ಗ ಕೈಯಲ್ಲಿ ಸಡ್ಲ ಆಗ್ತದಲ್ಲ ಕೂಸೆ, ಹಂಗೆ."

ಎಷ್ಟನೆಯ ಚಿತ್ರದವರೆಗೆ ಆಗಿದೆ ಎಂಬುದನ್ನು ಹೊರಗುಳಿದ ನಾಲಿಗೆಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯುವುದು. ಮತ್ತೆ ಹಾಕುವಾಗ ಲೆನ್ಸಿಗೆ ಮುಚ್ಚಳ ಹಾಕಿ, ಆಗಿಹೋದ ಚಿತ್ರಗಳನ್ನು ದಾಟಲು ಕತ್ತಲೆಯನ್ನೇ ಅಷ್ಟು ಸಲ ಒತ್ತಿ, ಹಿಂದಿನವರ ಮೇಲೆ ಇವರು ಬೀಳದ ಹಾಗೆ ಇನ್ನೆರಡು ಖಾಲಿ ಬಿಟ್ಟು, ಆಮೇಲೆ ಅಪ್ಪನ ಕೈಗೆ ಕೊಡುವುದು. ಅಪ್ಪ ನಂಬರು ನೋಡುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆಯ ನೆನಪು ಚೆನ್ನಾಗಿದೆ. ಕಮ್ಮರಡಿ ಕಡೆಯಿಂದ ಒಬ್ಬರು ಬಂದು ಅಂಗಡಿಯ ಮೆಟ್ಟಿಲು ಹತ್ತದೆ ರಸ್ತೆಯಲ್ಲೇ ನಿಂತರು. ಹಾಗೆ ನಿಂತರೆಂದರೆ ಎಂಥದೆಂದು ನಮಗೆಲ್ಲ ಗೊತ್ತು. ಒಳಗೆ ಒಬ್ಬ ಮೇಷ್ಟ್ರು ಕೋಟು ಹಾಕಿ, ಪಿನ್ನು ಚುಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದರು. ಅಪ್ಪ ಕ್ಯಾಮೆರಾ ಇಳಿಸಿಬಿಟ್ಟ.

"ಏ, ಆಚೆದು!"

"ಎಂತ ಮಾರಾಯ್ರೆ, ನನ್ನ ಅರ್ಧಕ್ಕೆ ಬಿಟ್ಟು ಹೊರಟ್ರಲ್ಲ?" ಎಂದರು ಮೇಷ್ಟ್ರು.

"ನೀವು ಕಾಯಬಹುದು. ಅವ್ರಿಗೆ ಕಾಯಾಕೆ ಆಗಲ್ಲ" ಎಂದ ಅಪ್ಪ.

ಅಮ್ಮ ಕೈಯ ಹಿಟ್ಟು ತೊಳೆದು, ಒರೆಸಿ, ರೋಲು ಬದಲಿಸಿ ಕೊಟ್ಟಳು. ಅಪ್ಪ ಮಧ್ಯಾಹ್ನ ವಾಪಸು ಬಂದು ಸ್ನಾನಕ್ಕೆ ಹೋದ. ಸಾವಿನ ಮನೆಗೆ ಹೋದ ಕ್ಯಾಮೆರಾಕ್ಕೆ ಏನು ಮಾಡುವುದು ಎಂಬುದು ಅಮ್ಮನ ಎಂದಿನ ತಕರಾರು. ಮೊದಲೊಮ್ಮೆ ತುಳಸಿ ನೀರು ಚಿಮುಕಿಸಲು ಹೋಗಿ, "ಲೆನ್ಸಿಗೆ ಬೂಸ್ಟು ಹಿಡಿದ್ರೆ ನಾವೆಲ್ಲ ಆಚೆ ಹೋಗ್ಬೇಕಾಗ್ತದೆ" ಎಂದು ಬೈಸಿಕೊಂಡಿದ್ದಳಂತೆ. ಅದಕ್ಕೇ ಬಿಸಿಲಿಗೆ ಇಡುವುದು. ಅದೂ ಹೆಚ್ಚು ಹೊತ್ತಲ್ಲ, ತಿರುಗಿಸಿ ಮಗುಚಿ, ಹಪ್ಪಳಕ್ಕೆ ಬಿಸಿಲು ಕಾಣಿಸಿದ ಹಾಗೆ. ಅಷ್ಟಾದರೆ ಮಡಿ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಊಟ ಸೇರದಾಯಿತು. ಅಪ್ಪ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ, ಮತ್ತೆ ಮತ್ತೆ ಹೋದ. ಡಾಕ್ಟರು ಏನು ಹೇಳಿದರು ಎಂಬುದನ್ನು ಅಪ್ಪ ಅತ್ತೆಗೆ ಅಂಗಡಿಯ ಪರದೆಯ ಹಿಂದೆ ಹೇಳಿದ. ಅತ್ತೆ ನನಗೆ ಹೇಳಿದಳು, ಯಾಕೆಂದರೆ ನಾನೂ ಸುಳ್ಳು ಹೇಳಬೇಕಾಗಿತ್ತು. ಹೊಟ್ಟೆಹುಣ್ಣು, ಔಷಧಿ ತೆಗೆದುಕೊಂಡರೆ ಹೋಗುತ್ತದೆ: ಇದು ಮನೆಯಲ್ಲಿ ಎಲ್ಲರೂ ಹೇಳಬೇಕಾದ ಮಾತು. ಅಮ್ಮ ಖಾರ ಬಿಟ್ಟಳು, ಆಮೇಲೆ ರೊಟ್ಟಿ ಬಿಟ್ಟಳು, ಗಂಜಿ ತಿಳಿಗೆ ಬಂದಳು. "ಹುಣ್ಣು ಮಾಗ್ತಾ ಇದೆ, ಅದಕ್ಕೆ ಹಂಗೆ" ಎನ್ನುತ್ತಿದ್ದೆವು. ಒಂದು ದಿನ ಅಪ್ಪ ಇದ್ದಕ್ಕಿದ್ದಂತೆ, ಶೃಂಗೇರಿಗೆ ಸುಮ್ಮನೆ ಹೋಗಿ ಬರೋಣ ಎಂದ. ಬಸ್ಸಿನಲ್ಲಿ ಅಮ್ಮ ಕಿಟಕಿಗೆ ತಲೆಕೊಟ್ಟು ಕೂತಿದ್ದಳು.

"ಮದುವೆ ಆದಾಗಿಂದ ಸುಮ್ನೆ ಅಂತ ಎಲ್ಲಿಗೂ ಕರ್ಕೊಂಡು ಹೋಗ್ದೋರು, ಈಗೆಂತ ಬಂತು ನಿಮಗೆ?"

ಅಪ್ಪ ಕೇಳಿಸದವನಂತೆ ಕೂತಿದ್ದ. ಎಡಗಿವಿಯ ಪಕ್ಕ ಅಮ್ಮ ಇದ್ದದ್ದರಿಂದ ನಿಜವಾಗಿ ಕೇಳಿಸಿರಲಿಕ್ಕೂ ಇಲ್ಲ. ನನಗೆ ಕೇಳಿಸಿತ್ತು. ನಾನೂ ಕೇಳಿಸದವಳಂತೆ ಇದ್ದೆ.

ಅಮ್ಮನ ಫೋಟೋ ತೆಗೆದ ದಿನಕ್ಕೆ ಬರುತ್ತೇನೆ. ಅಮ್ಮನೇ ಕೇಳಿದಳು, ಇದು ಖಚಿತ. ಊರಿಗೆಲ್ಲ ಫೋಟೋ ತೆಗೆಯುವವನ ಮನೆಯಲ್ಲಿ ಅವಳದೊಂದು ಚಿತ್ರವಿರಲಿಲ್ಲ, ಮದುವೆಯದನ್ನು ಬಿಟ್ಟರೆ. ರೋಲು ದಂಡ ಎಂದು ಎದ್ದುಹೋಗುವವಳು ಆ ದಿನ ಬಿಸಿಲಿಗೆ ಕೂತಿದ್ದಾಗ, "ನಂದೊಂದು ಹೊಡೀರಿ" ಎಂದಳು. ಅಪ್ಪನ ಮುಖ ನನಗೆ ಕಾಣುತ್ತಿದೆ. ಅವಳಿಗೆ ಗುಣವಾಗುತ್ತಿದೆ ಎಂದೇ ಅವನು ತಿಳಿದ. ಕ್ಯಾಮೆರಾ ಖಾಲಿ ಇತ್ತು. ಶೃಂಗೇರಿಯ ಯಾವುದೋ ಮದುವೆಯ ರೋಲು ಮುಗಿಸಿ ತೆಗೆದಿದ್ದ. ಈಚೆ ರೋಲು ಹಾಕಿಕೊಡು ಎಂದು ಅತ್ತೆಯ ಕೈಗೆ ಕ್ಯಾಮೆರಾ ಕೊಟ್ಟು, ಗೂಡಿನಿಂದ ಡಬ್ಬಿಯನ್ನೂ ತಂದಿಟ್ಟು, ಯಾರೋ ಕರೆದರೆಂದು ಅಂಗಡಿಗೆ ಹೋದ. ಅಮ್ಮ ಕಾಯಿಲೆ ಬಿದ್ದಮೇಲೆ ರೋಲು ಬದಲಿಸುವುದನ್ನು ಅತ್ತೆ ಕಲಿತಿದ್ದಳು, ಅಮ್ಮನೇ ಕಲಿಸಿದ್ದು. ನನ್ನನ್ನು ಬಾಚಣಿಗೆ ತರಲು ಕಳಿಸಿದರು. ಕಳಿಸಿದ್ದು ಅಮ್ಮ. ಅಥವಾ ಅತ್ತೆ. ಬಾಚಣಿಗೆ ಹುಡುಕಿ ತರುವಷ್ಟರಲ್ಲಿ ಕ್ಯಾಮೆರಾದ ಬೆನ್ನು ಮುಚ್ಚಿದ ಸದ್ದು ಕೇಳಿತು. ಯಾರ ಮಡಿಲಲ್ಲಿತ್ತು ಅದು? ದಿನಚರಿಯಲ್ಲಿ ಮೊದಲು ಬರೆದಾಗ ಅತ್ತೆಯ ಮಡಿಲಲ್ಲಿ ಎಂದಿದೆ. ಕೆಲವು ವರ್ಷಗಳ ಮೇಲೆ ಬರೆದದ್ದರಲ್ಲಿ ಅಮ್ಮ ಮುಚ್ಚಳ ಹಾಕಿದ ಲೆನ್ಸನ್ನು ಎದೆಗೆ ಆನಿಸಿಕೊಂಡು ಕತ್ತಲೆ ಒತ್ತುತ್ತಿದ್ದಾಳೆ, ತುಟಿಯಲ್ಲೇ ಎಣಿಸುತ್ತಿದ್ದಾಳೆ. ಎರಡನೆಯದನ್ನು ನಾನು ಕಂಡೆನೋ, ನನಗೆ ಬೇಕಾಗಿತ್ತೆಂದು ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಅವಳು ಎಣಿಸುವುದನ್ನು ನಾನು ಅದೆಷ್ಟೋ ದಿನ ನೋಡಿದ್ದೇನೆ, ಯಾವುದೋ ದಿನದ್ದು ಈ ದಿನಕ್ಕೆ ಬಂದು ಸೇರಿರಬಹುದು.

ಅತ್ತೆ ತಲೆ ಬಾಚಿದಳು. ಅಪ್ಪ ಬಂದು ಚಿತ್ರ ತೆಗೆದ. ಏನೋ ತಮಾಷೆ ಮಾಡಿದ, ಅಮ್ಮ ನಕ್ಕಳು. ಇನ್ನೊಂದು ತೆಗೆದ. ಅಪ್ಪ ಮೂರನೆಯದಕ್ಕೆ ಸಜ್ಜಾಗುತ್ತಿದ್ದ ಹಾಗೆ ಅವಳು ಕೈ ಅಡ್ಡ ಹಿಡಿದಳು.

"ಎರಡು ಸಾಕು."

ಮಧ್ಯಾಹ್ನ ಬೇಗಾರಿನಲ್ಲಿ ಉಪನಯನವಿತ್ತು. ಇದನ್ನು ತೆಗೆದು ಹೊಸದು ಹಾಕಿಡಿ ಎಂದು ಕ್ಯಾಮೆರಾವನ್ನು ಜಗಲಿಯಲ್ಲೇ ಕೊಟ್ಟು ಅಪ್ಪ ಬಟ್ಟೆ ಬದಲಿಸಲು ಹೋದ.

ಅಮ್ಮ ತೀರಿಕೊಂಡದ್ದು ಅದಾಗಿ ಹೆಚ್ಚು ದಿನಕ್ಕಲ್ಲ. ಆ ದಿನದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ, ಒಂದನ್ನು ಬಿಟ್ಟು. ಬಂದವರಲ್ಲಿ ಯಾರೋ ಹಿರಿಯರು, ಒಂದು ಫೋಟೋ ಬೇಡವೇ ಎಂದರು. ಅಪ್ಪ ಗೋಡೆಗೆ ಒರಗಿ ಕೂತಿದ್ದವನು ಏಳಲು ಹೊರಟ. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ. ಅತ್ತೆ ಅವನ ಭುಜ ಒತ್ತಿ ಕೂರಿಸಿದಳು.

"ಬೇಡ. ಅತ್ತಿಗೆದು ಬೇಡ ಅಣ್ಣ."

ವೈಕುಂಠ ಸಮಾರಾಧನೆಯ ಹೊತ್ತಿಗೆ ಅಮ್ಮನ ಚಿತ್ರ ಬೇಕಾಯಿತು. ಅಪ್ಪ ಈಚೆ ರೋಲನ್ನು ಮುಗಿಯುವ ಮೊದಲೇ ಬಸ್ಸಿನಲ್ಲಿ ಶಿವಮೊಗ್ಗದ ಲ್ಯಾಬಿಗೆ ಕಳಿಸಿದ. ಬಂದ ಕವರಿನಲ್ಲಿ ಅಂಗಡಿಗೆ ಬಂದವರೆಲ್ಲ ಇದ್ದರು, ಒಂದೇ ಕೋಟಿನಲ್ಲಿ. ಅಮ್ಮ ಇರಲಿಲ್ಲ. ಅಪ್ಪ ನೆಗೆಟಿವನ್ನು ಕಿಟಕಿಗೆ ಹಿಡಿದು ಹಿಂದೆ ಮುಂದೆ ಎಳೆದ. ಶಟರ್ ಕೈಕೊಟ್ಟಿರಬೇಕು ಎಂದ. ಒಂದು ದಿನವಿಡೀ ಕ್ಯಾಮೆರಾವನ್ನು ಬಿಚ್ಚಿ ಕೂತಿದ್ದ. ಕೊನೆಗೆ ಮದುವೆಯ ಫೋಟೋದಿಂದ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಮುಖವನ್ನು ದೊಡ್ಡದು ಮಾಡಿಸಿ ಹಾರ ಹಾಕಿದೆವು. ನನಗೆ ಅವಳ ಗುರುತು ಇರಲಿಲ್ಲ.

ಆಚೆ ರೋಲು ಆಮೇಲೂ ಓಡಾಡಿತು. ಅತ್ತೆ ಹಾಕಿಕೊಡುವಳು, ಅಪ್ಪ ಹೋಗಿ ಬರುವನು, ಅತ್ತೆ ತೆಗೆದಿಡುವಳು. ಅದು ಮುಗಿದು, ಶಿವಮೊಗ್ಗಕ್ಕೆ ಹೋಗಿ, ಕವರು ಬಂದಾಗ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಅಂದರೆ ಅಪ್ಪ, ನಾನು ಕೂತಿದ್ದೆವು, ಅತ್ತೆ ಬಡಿಸುತ್ತಿದ್ದಳು. ಅಪ್ಪ ಎಡಗೈಯಲ್ಲೇ ಫೋಟೋಗಳನ್ನು ಸರಿಸುತ್ತಿದ್ದ. ಕಮ್ಮರಡಿಯ ಅಜ್ಜ, ಬಾಯಿಗೆ ಕಟ್ಟಿದ ಬಟ್ಟೆ. ಆಮೇಲೆ ಅಮ್ಮ. ತಲೆ ಬಾಚಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ. ಇನ್ನೊಂದರಲ್ಲಿ ನಗುತ್ತಾ. ಆಮೇಲೆ ನರಸಿಂಹರಾಜಪುರದ ಯಾರೋ ಹೆಂಗಸು, ಹಣೆಯ ಮೇಲೆ ನಾಣ್ಯ. ಅಪ್ಪ ಆ ಎರಡನ್ನೇ ನೋಡುತ್ತಾ ಕೂತ. ಎಂಜಲು ಕೈ ಒಣಗಿತು. ಆಮೇಲೆ ನೆಗೆಟಿವ್ ತೆಗೆದು ನೋಡಿದ. ಅಜ್ಜನಿಗೂ ಅಮ್ಮನಿಗೂ ಮಧ್ಯೆ ಎರಡು ಖಾಲಿ ಇದ್ದವು, ಒಬ್ಬರ ಮೇಲೊಬ್ಬರು ಬಿದ್ದಿರಲಿಲ್ಲ.

"ಜೀವ ಇದ್ದೋಳನ್ನ ಆಚೆ ಹಾಕಿದ್ಯಲ್ಲೆ ವಾರಿಜಾ" ಎಂದ.

ಅತ್ತೆ ಸೌಟನ್ನು ಪಾತ್ರೆಗೆ ಇಳಿಸಿದಳು.

"ಹೌದಣ್ಣ. ಕೈ ತಪ್ಪಿತು."

"ತೆಗೆದಿಡುವಾಗಾದ್ರೂ ಗೊತ್ತಾಗಿರ್ಬೇಕಲ್ಲ ನಿಂಗೆ? ಬಿಳಿ ದಾರ ಕಟ್ಟಿ ವಾಪಸ್ ಅಲ್ಲೇ ಇಟ್ಟಿದ್ದೀ! ನಾನು ಹುಚ್ಚನ ಹಾಗೆ ಕ್ಯಾಮೆರಾ ಬಿಚ್ಚಿ ಕೂತಾಗ ನೋಡ್ತಾ ಇದ್ಯಲ್ಲ!"

"ಹೆದ್ರಿಕೆ ಆಯ್ತು. ಹೇಳ್ಲಿಲ್ಲ."

ಅಷ್ಟೇ. ಅಪ್ಪ ಅವಳನ್ನು ಹೋಗು ಎನ್ನಲಿಲ್ಲ. ಆದರೆ ಅವಳು ಬಡಿಸಿದ್ದನ್ನು ತಲೆ ಎತ್ತದೆ ಉಂಡು ಏಳುತ್ತಿದ್ದ. ಅಮ್ಮ ಹೋದದ್ದಕ್ಕೆ ಆ ರೋಲೇ ಕಾರಣ ಎಂದು ಅವನು ಬಾಯಿಬಿಟ್ಟು ಹೇಳಿದ್ದಿಲ್ಲ. ಡಾಕ್ಟರ ಮಾತನ್ನು ಕೇಳಿಸಿಕೊಂಡವನು ಅವನೇ, ಹಾಗೆ ನಂಬಲು ಅವನಿಗೆ ದಾರಿಯಿರಲಿಲ್ಲ. ಆದರೂ ನಂಬಿದ್ದ ಎಂದು ನನಗನ್ನಿಸುತ್ತದೆ. ಬೇಸಿಗೆ ರಜೆಯಲ್ಲಿ ಅತ್ತೆ ಹೊಲಿಗೆ ಮೆಷಿನ್ನನ್ನು ಲಗೇಜ್ ಗಾಡಿಗೆ ಹಾಕಿಸಿಕೊಂಡು ನರಸಿಂಹರಾಜಪುರಕ್ಕೆ ಹೋದಳು. ಅಲ್ಲಿ ಗೆಳತಿಯೊಬ್ಬಳ ಜೊತೆ ಅಂಗಡಿ ಹಾಕಿದಳು. ಹೊರಡುವಾಗ ನನ್ನ ಜಡೆ ಹೆಣೆದು, "ದಿನಾ ಬಾಚ್ಕೊ ಮಾರಾಯ್ತಿ, ಗುಬ್ಬಿಗೂಡು ಮಾಡ್ಕೋಬೇಡ" ಎಂದಳು. ನಾನು ಅವಳ ಕಡೆ ನೋಡಲಿಲ್ಲ. ನಾನೂ ಅಪ್ಪನ ಪಕ್ಷವಾಗಿದ್ದೆ.

ಮನೆಯಲ್ಲಿ ಆಮೇಲೆ ಇಬ್ಬರೇ. ಅಪ್ಪ ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟ. ಅರ್ಧ ಆದ ರೋಲನ್ನು ತೆಗೆಯುವುದನ್ನೂ ಬಿಟ್ಟ; ಹಾಕಿದ್ದು ಮುಗಿಯುವವರೆಗೆ ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸುತ್ತಿದ್ದ. ನಾನು ಹಾಕಿಕೊಡುತ್ತೇನೆ ಎಂದರೆ ಬೇಡ ಎಂದ. ನನಗೆ ಬರುತ್ತಿತ್ತು. ಅವಳ ಪಕ್ಕ ಕೂತು ಆ ಸದ್ದನ್ನು ನಾನೂ ಕೇಳಿದ್ದೆ.

ಇದೆಲ್ಲವನ್ನು ಬೇರೆ ರೀತಿಯಲ್ಲಿ ಯೋಚಿಸಲು ನನಗೆ ಹೊಳೆದದ್ದು ಬಹಳ ತಡವಾಗಿ, ಅಪ್ಪನೂ ಹೋದಮೇಲೆ. ಅತ್ತೆಗೆ ಹೆದರಿಕೆಯಾಯಿತೇ? ಅಣ್ಣನ ಎದುರು ನಿಂತು ವಾದ ಮಾಡುತ್ತಿದ್ದವಳು, ದಾರದ ಬಣ್ಣವನ್ನು ಮಬ್ಬಿನಲ್ಲೂ ಗುರುತಿಸುವ ದರ್ಜಿ, ಅಪ್ಪ ಡಬ್ಬಿಯನ್ನು ತಂದು ಪಕ್ಕಕ್ಕೇ ಇಟ್ಟಿರುವಾಗ, ಎದ್ದು ಹೋಗಿ ಮಾಡಿನ ಸಂದಿಗೆ ಕೈಹಾಕಿ ಇನ್ನೊಂದನ್ನು ತಂದಳೇ? ಕೈ ತಪ್ಪಿದರೆ ಹಾಗೆ ತಪ್ಪುತ್ತದೆಯೇ? ಅಮ್ಮ ಕೇಳಿ ತರಿಸಿಕೊಂಡಿದ್ದರೆ? ಹಾಗಿದ್ದರೆ ಅತ್ತೆ ಒಪ್ಪಿಕೊಂಡದ್ದು ಅಪ್ಪನಿಗೋಸ್ಕರ. ಅಮ್ಮನೇ ಹಾಕಿಕೊಂಡಳು ಎಂದು ಗೊತ್ತಾದರೆ, ಅವಳಿಗೆ ಎಲ್ಲವೂ ತಿಳಿದಿತ್ತು ಎಂದು ಅವನಿಗೆ ಗೊತ್ತಾಗುತ್ತಿತ್ತು. ನಾವು ಮೂವರೂ ಹುಣ್ಣು, ಹುಣ್ಣು ಎಂದು ಹೇಳುತ್ತಿದ್ದಷ್ಟು ತಿಂಗಳೂ ಅವಳು ಅದನ್ನು ಒಬ್ಬಳೇ ಇಟ್ಟುಕೊಂಡು, ನಮ್ಮ ಸುಳ್ಳಿಗೆ ತಲೆಯಾಡಿಸುತ್ತಾ ಗಂಜಿ ಕುಡಿದಿದ್ದಳು ಎಂದು. ಇದು ನಾನು ಕಟ್ಟಿಕೊಂಡ ಕಥೆಯೂ ಇರಬಹುದು. ತಪ್ಪಿ ಹಾಕಿ, ಆಮೇಲೆ ಕಂಡು, ಬಾಯಿಬಿಡಲಾಗದೆ ಒದ್ದಾಡಿದ ಒಬ್ಬ ಹೆಂಗಸಿನ ಸಾದಾ ಕಥೆ ಇದಾಗಿದ್ದರೆ, ನಾನು ಅಮ್ಮನಿಗೆ ಅವಳಲ್ಲಿ ಇಲ್ಲದ ಧೈರ್ಯವನ್ನು ಕೊಡುತ್ತಿದ್ದೇನೆ. ಯಾವುದು ನಿಜವಾಗಿರಬೇಕೆಂದು ನಾನು ಬಯಸುತ್ತೇನೆ ಎಂಬುದೂ ನನಗೆ ತಿಳಿದಿಲ್ಲ. ಅವಳಿಗೆ ಗೊತ್ತಿರಲಿಲ್ಲ ಎಂದಾದರೆ ಅವಳು ನಕ್ಕದ್ದು ಸುಮ್ಮನೆ ನಕ್ಕದ್ದು.

ಕೊಪ್ಪದಿಂದ ಆ ದಿನ ನಾನು ನರಸಿಂಹರಾಜಪುರಕ್ಕೆ ಹೋದೆ. ಅತ್ತೆಗೆ ಈಗ ಮಂಡಿ ನೋವು, ಮೆಷಿನ್ ತುಳಿಯುವುದಿಲ್ಲ. ನೀರುದೋಸೆ ಮಾಡಿದಳು, ನಿಲ್ಲದೆ ಬಡಿಸಿದಳು, ನನ್ನ ಕೂದಲು ಇಷ್ಟು ಬೇಗ ಯಾಕೆ ಬೆಳ್ಳಗಾಯಿತು ಎಂದು ಬೈದಳು. ಬಾಚಣಿಗೆ ತರಲು ನನ್ನನ್ನು ಕಳಿಸಿದ್ದು ಯಾರೆಂದು ಕೇಳಿದೆ.

"ಬಾಚಣಿಗೆಯಾ? ಬಾಚಣಿಗೆ ಅಲ್ಲೇ ಜಗಲಿ ಮೇಲೆ ಇತ್ತಲ್ಲೆ" ಎಂದಳು. ಅಷ್ಟು ಹೇಳಿ ನನ್ನ ಮುಖ ನೋಡಿದಳು. ಕಾವಲಿಯ ದೋಸೆ ಸೀಯುವವರೆಗೆ ನೋಡುತ್ತಲೇ ಇದ್ದಳು.

ಅಪ್ಪ ಇಲ್ಲ, ಇನ್ನು ಯಾರಿಗೂ ನೋವಾಗುವುದಿಲ್ಲ ಎಂದು ನಾನೇ ಮುಂದುವರಿಸಿದೆ. ಅವಳು ಒಲೆ ಆರಿಸಿದಳು. ಸೀದ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು ನನ್ನೆದುರು ಕೂತಳು, ಚೂರು ಮುರಿದು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಆಮೇಲೂ ಫೋನಿನಲ್ಲಿ ಕೇಳಿದ್ದೇನೆ, ಅವಳು ಮಂಡಿಯ ಮಾತು ತೆಗೆಯುತ್ತಾಳೆ. ಆ ದಿನ ಅಡುಗೆಮನೆಯಲ್ಲಿ ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅಮ್ಮಂಗೆ ಗೊತ್ತಿತ್ತಾ?"